ಟೀಮ್ ನಡೆಸುವ ರೀತಿ ಬದಲಿಸಿಕೊಳ್ಳುವುದು: ಹೊಸ ಲೀಡ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಚೆನ್ನಾಗಿ ಕೆಲಸ ಮಾಡುತ್ತಾರೆ ಅನ್ನುವ ಕಾರಣಕ್ಕೇ ಒಬ್ಬರನ್ನು ಕರೆದು "ಇನ್ಮೇಲೆ ಈ ಟೀಮ್ ನೀವೇ ನೋಡ್ಕೊಳ್ಳಿ" ಅನ್ನುತ್ತಾರೆ. ಹೇಗೆ ನೋಡಿಕೊಳ್ಳಬೇಕು ಅಂತ ಹೇಳಿಕೊಡುವವರು ಕಡಿಮೆ. ಇಲ್ಲಿರುವುದು ಐದಾರು ಜನರಿಂದ ಹತ್ತು ಹನ್ನೆರಡು ಜನರವರೆಗಿನ ಟೀಮ್ ನೋಡಿಕೊಳ್ಳುವವರ ಪ್ರಶ್ನೆಗಳು. ಬೆಂಗಳೂರಿನ ಸಾಫ್ಟ್‌ವೇರ್ ಆಫೀಸಿನ ಟೀಮ್ ಲೀಡ್‌ಗೂ ಪೀಣ್ಯದ ಫ್ಯಾಕ್ಟರಿಯಲ್ಲಿ ಶಿಫ್ಟ್ ನೋಡಿಕೊಳ್ಳುವ ಸೂಪರ್‌ವೈಸರ್‌ಗೂ ಕೆಲಸ ಬೇರೆ ಇರಬಹುದು, ತಲೆನೋವು ಮಾತ್ರ ಹೆಚ್ಚುಕಡಿಮೆ ಒಂದೇ.

"ಲೀಡರ್‌ಶಿಪ್ ಸ್ಟೈಲ್ ಬದಲಿಸಿಕೊಳ್ಳಿ" ಅಂತಾರೆ. ಬದಲಿಸಬೇಕಾದ್ದು ಏನನ್ನು?

ನಿಮ್ಮ ಸ್ವಭಾವವನ್ನಲ್ಲ. ಒಂದು ಕೆಲಸದಲ್ಲಿ ನೀವು ಎಷ್ಟು ಹೇಳುತ್ತೀರಿ, ಎಷ್ಟು ಕೇಳಿಸಿಕೊಳ್ಳುತ್ತೀರಿ, ಎಷ್ಟನ್ನು ಅವರಿಗೇ ಬಿಡುತ್ತೀರಿ, ಈ ಮೂರರ ಅಳತೆಯನ್ನು.

ಹೊಸದಾಗಿ ಸೇರಿದ ಹುಡುಗಿ ಮೊದಲ ಸಲ ರಿಲೀಸ್ (ಸಾಫ್ಟ್‌ವೇರನ್ನು ಬಳಕೆದಾರರಿಗೆ ಬಿಡುಗಡೆ) ಮಾಡುತ್ತಿದ್ದಾಳೆ ಅಂದುಕೊಳ್ಳಿ. ಒಂದೊಂದೇ ಹೆಜ್ಜೆ ಹೇಳಬೇಕು, ಪಕ್ಕದಲ್ಲೇ ಕೂರಬೇಕು. ಅವಳೇ ಕಾಲೇಜಿನಲ್ಲಿದ್ದಾಗ ಎರಡು ಮೊಬೈಲ್ ಆ್ಯಪ್ ಮಾಡಿದ್ದವಳಾದರೆ, ಸ್ಕ್ರೀನ್ ಹೇಗಿರಬೇಕು ಅನ್ನುವ ವಿಷಯದಲ್ಲಿ ನೀವೇ ಅವಳನ್ನು ಕೇಳಬೇಕು. ಒಂದೇ ದಿನ, ಒಬ್ಬಳೇ ಹುಡುಗಿ, ಎರಡು ರೀತಿ. "ಅವಳು ಫ್ರೆಶರ್, ಎಲ್ಲಾ ಹೇಳಿಕೊಡಬೇಕು" ಅಂತ ಹಣೆಪಟ್ಟಿ ಅಂಟಿಸಿದರೆ ಎರಡನೆಯದು ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಈ ಕೆಲಸ ಈ ವ್ಯಕ್ತಿಗೆ ಎಷ್ಟು ಪಳಗಿದೆ ಅನ್ನುವುದನ್ನು ನೋಡಬೇಕು. ಮುಂದಿನ ಉತ್ತರಗಳೆಲ್ಲ ಇದರ ಮೇಲೇ ನಿಂತಿವೆ.

ನಾನು ಮೊದಲಿಂದಲೂ ಮೆತ್ತಗೆ. ಗಟ್ಟಿಯಾಗಿ ಹೇಳೋದು ಕಲಿಯೋಕ್ಕಾಗುತ್ತಾ?

ಆಗುತ್ತದೆ. ಇದಕ್ಕೆ ಹಳೆಯದೊಂದು ಪುರಾವೆಯೂ ಇದೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ಹತ್ತು ವರ್ಷದ ಹುಡುಗರ ಕ್ಲಬ್‌ಗಳನ್ನು ಕಟ್ಟಿ ಒಂದು ಪ್ರಯೋಗ ನಡೆಸಿದರು. ಹುಡುಗರಿಗೆ ಕರಕುಶಲ ಕೆಲಸ. ಅವರನ್ನು ನೋಡಿಕೊಳ್ಳಲು ದೊಡ್ಡವರೊಬ್ಬರು. ಒಂದು ರೀತಿಯಲ್ಲಿ ದೊಡ್ಡವರು ಹೇಳಿದ್ದೇ ಆಗಬೇಕು. ಇನ್ನೊಂದರಲ್ಲಿ ಎಲ್ಲರೂ ಕೂತು ಮಾತಾಡಿ ತೀರ್ಮಾನಿಸಬೇಕು. ಮೂರನೆಯದರಲ್ಲಿ ಹುಡುಗರನ್ನು ಅವರ ಪಾಡಿಗೆ ಬಿಡುವುದು. ಫಲಿತಾಂಶ ಅಚ್ಚಾಗಿದ್ದು 1939ರಲ್ಲಿ.

ಈ ಪ್ರಯೋಗದ ಬಗ್ಗೆ ಹೇಳುವವರು ಸಾಮಾನ್ಯವಾಗಿ ಯಾವ ರೀತಿ ಗೆದ್ದಿತು ಅನ್ನುವುದನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಬೇರೆ. ಕ್ಲಬ್ ನೋಡಿಕೊಳ್ಳುತ್ತಿದ್ದವರು ಒಂದೇ ರೀತಿಗೆ ಅಂಟಿಕೊಂಡಿರಲಿಲ್ಲ. ಕೆಲವು ವಾರಗಳಿಗೊಮ್ಮೆ ಬೇರೆ ಕ್ಲಬ್‌ಗೆ ಹೋಗಿ ಬೇರೆ ರೀತಿಯಲ್ಲಿ ನಡೆಸುತ್ತಿದ್ದರು. ಹುಡುಗರ ವರ್ತನೆ ಅದಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಅಂದರೆ ಅಭ್ಯಾಸ ಮಾಡಿದರೆ ಬರುವ ವಿದ್ಯೆ ಇದು.

ಎಲ್ಲರೂ ಹೀಗೇ ಹೇಳುವುದಿಲ್ಲ ಅನ್ನುವುದೂ ನಿಮಗೆ ಗೊತ್ತಿರಲಿ. ಫ್ರೆಡ್ ಫೀಡ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಇದಕ್ಕೆ ಉಲ್ಟಾ ವಾದ ಮಾಡಿದರು. ಮನುಷ್ಯನ ರೀತಿ ಸುಲಭಕ್ಕೆ ಬದಲಾಗುವುದಿಲ್ಲ, ಅವನಿಗೆ ಹೊಂದುವ ಜಾಗದಲ್ಲಿ ಅವನನ್ನು ಕೂರಿಸಿ, ಇಲ್ಲವೇ ಜಾಗವನ್ನೇ ಬದಲಿಸಿ ಅಂದರು. ಪೂರ್ತಿ ತಳ್ಳಿಹಾಕುವ ಮಾತಲ್ಲ ಅದು. ನಿಮಗೆ ಸಹಜವಾಗಿ ಬರುವ ರೀತಿ ಒಂದು ಇದ್ದೇ ಇರುತ್ತದೆ. ಸುಸ್ತಾದಾಗ, ಡೆಡ್‌ಲೈನ್ ಹತ್ತಿರ ಬಂದಾಗ ನೀವು ಅದಕ್ಕೇ ಮರಳುತ್ತೀರಿ. ಅದು ಯಾವುದು ಅಂತ ಮೊದಲೇ ಗುರುತಿಸಿಟ್ಟುಕೊಳ್ಳಿ.

ಅಂದಹಾಗೆ, ಗಟ್ಟಿಯಾಗಿ ಹೇಳುವುದಕ್ಕೂ ದನಿ ಏರಿಸುವುದಕ್ಕೂ ಸಂಬಂಧ ಇಲ್ಲ. "ಇದು ಗುರುವಾರ ಸಂಜೆಯೊಳಗೆ ಬೇಕು, ಟೆಸ್ಟ್ ಆಗಿರಬೇಕು" ಅಂತ ಮೆತ್ತಗೇ ಹೇಳಿ. ದಿನ, ಗಂಟೆ, ಏನು ಅನ್ನುವುದು ಸ್ಪಷ್ಟವಾಗಿದ್ದರೆ ಮಾತು ತಾನೇ ಗಟ್ಟಿಯಾಗುತ್ತದೆ.

ಯಾರ ಜೊತೆ ಯಾವ ರೀತಿ ಅಂತ ಹೇಗೆ ಗೊತ್ತಾಗುತ್ತೆ?

ಮ್ಯಾನೇಜ್‌ಮೆಂಟ್ ತರಬೇತಿಗೆ ಹೋದರೆ ಮೊದಲು ತೋರಿಸುವುದು ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ನಾಲ್ಕು ಮನೆಯ ಚಿತ್ರ. ಮೊದಲು ಹೇಳಿ ಮಾಡಿಸುವುದು. ಆಮೇಲೆ ಯಾಕೆ ಅಂತ ವಿವರಿಸಿ ಒಪ್ಪಿಸುವುದು. ಆಮೇಲೆ ಜೊತೆಗೆ ಕೂತು ತೀರ್ಮಾನಿಸುವುದು. ಕೊನೆಗೆ ಪೂರ್ತಿ ವಹಿಸಿಕೊಡುವುದು. ವ್ಯಕ್ತಿಗೆ ಆ ಕೆಲಸ ಎಷ್ಟು ಬರುತ್ತದೆ, ಮಾಡುವ ಮನಸ್ಸು ಎಷ್ಟಿದೆ ಅನ್ನುವುದರ ಮೇಲೆ ಯಾವ ಮನೆ ಅಂತ ಆರಿಸಿಕೊಳ್ಳಬೇಕು.

ಚಿತ್ರ ಚೆನ್ನಾಗಿದೆ, ನೆನಪಿಟ್ಟುಕೊಳ್ಳುವುದು ಸುಲಭ. ಪುರಾವೆ ಮಾತ್ರ ಅಷ್ಟು ಗಟ್ಟಿ ಇಲ್ಲ. 1987ರಲ್ಲಿ ರಾಬರ್ಟ್ ವೆಕಿಯೊ ಅನ್ನುವ ಸಂಶೋಧಕರು ಅಮೆರಿಕದ ಹೈಸ್ಕೂಲ್ ಶಿಕ್ಷಕರ ಮಧ್ಯೆ ಇದನ್ನು ಪರೀಕ್ಷಿಸಿ ನೋಡಿದರು. ಹೊಸದಾಗಿ ಸೇರಿದವರ ವಿಷಯದಲ್ಲಿ ಮಾತು ನಿಜ ಅನಿಸಿತು. ಅವರಿಗೆ ಸ್ಪಷ್ಟ ಸೂಚನೆ ಕೊಟ್ಟಾಗ ಒಳ್ಳೆಯದಾಗುತ್ತಿತ್ತು. ಅನುಭವ ಇರುವವರ ವಿಷಯದಲ್ಲಿ ಲೆಕ್ಕ ಅಷ್ಟು ಸಲೀಸಾಗಿ ಕೂಡಲಿಲ್ಲ. ಹಾಗಾಗಿ ಆ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಜನರನ್ನು ನಾಲ್ಕು ಮನೆಗೆ ಹಂಚಲು ಹೋಗಬೇಡಿ.

ಅದಕ್ಕಿಂತ ನೇರ ದಾರಿ ಇದೆ. ಕೆಲಸ ಕೊಡುವಾಗ ಒಂದು ಪ್ರಶ್ನೆ ಕೇಳಿ: "ಇದನ್ನ ಹೇಗೆ ಶುರು ಮಾಡ್ತೀರಿ?" ಉತ್ತರ ಕೇಳಿದರೆ ಬಹುಪಾಲು ಗೊತ್ತಾಗಿಬಿಡುತ್ತದೆ. ಎರಡು ದಾರಿ ಹೇಳಿ, ಯಾವುದರಲ್ಲಿ ಏನು ತೊಂದರೆ ಅಂತಲೂ ಹೇಳಿದರೆ ನೀವು ಪಕ್ಕಕ್ಕೆ ಸರಿಯಬಹುದು. ಒಂದೇ ದಾರಿ ಹೇಳಿ ನಿಮ್ಮ ಮುಖ ನೋಡಿದರೆ ಜೊತೆಗೆ ಕೂರಬೇಕು. "ಗೂಗಲ್ ಮಾಡಿ ನೋಡ್ತೀನಿ" ಅಂದರೆ ಮೊದಲ ಹೆಜ್ಜೆ ನೀವೇ ತೋರಿಸಬೇಕು. ಅದರಲ್ಲಿ ನಾಚಿಕೆಪಡುವಂಥದ್ದು ಇಬ್ಬರಿಗೂ ಏನೂ ಇಲ್ಲ.

ಯಂತ್ರದ ಮುಂದೆ ನಿಂತು ಮಾಡುವ ಕೆಲಸವಾದರೆ ಬಾಯಿಮಾತಿನ ಉತ್ತರ ಸಾಲದು. ಐಟಿಐ ಮುಗಿಸಿ ಬಂದ ಅಪ್ರೆಂಟಿಸ್ ಹುಡುಗ "ಗೊತ್ತು ಸಾರ್" ಅಂದ ಅಂತ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ಒಪ್ಪಿಸಿಬಿಡಬೇಡಿ. "ಒಂದ್ಸಲ ಮಾಡಿ ತೋರ್ಸು" ಅನ್ನಿ. ಸುರಕ್ಷತೆಯ ವಿಷಯದಲ್ಲಿ ಮೂವತ್ತು ವರ್ಷದ ಅನುಭವಿಗೂ ನಿನ್ನೆ ಸೇರಿದವನಿಗೂ ಒಂದೇ ನಿಯಮ. ಅಲ್ಲಿ ರೀತಿ ಬದಲಿಸುವ ಮಾತೇ ಇಲ್ಲ.

ಒಬ್ಬೊಬ್ಬರ ಜೊತೆ ಒಂದೊಂದು ರೀತಿ ಅಂದ್ರೆ ಪಕ್ಷಪಾತ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಭಯ ಸುಳ್ಳಲ್ಲ. ಒಬ್ಬಳ ಕೋಡ್ ಸಾಲು ಸಾಲಾಗಿ ನೋಡಿ, ಇನ್ನೊಬ್ಬನದನ್ನು ನೋಡದೆ ಒಪ್ಪಿದರೆ "ಅವನು ಲೀಡ್‌ಗೆ ಬೇಕಾದವನು" ಅನ್ನುವ ಮಾತು ಎರಡೇ ದಿನದಲ್ಲಿ ಕ್ಯಾಂಟೀನ್ ತಲುಪುತ್ತದೆ.

ಯಾವುದು ಎಲ್ಲರಿಗೂ ಒಂದೇ, ಯಾವುದು ಬೇರೆ ಬೇರೆ ಅನ್ನುವುದನ್ನು ಮೊದಲು ಬಿಡಿಸಿಕೊಳ್ಳಿ. ರಜೆ ಕೊಡುವ ನಿಯಮ, ಅಪ್ರೈಸಲ್‌ನ ಅಳತೆ, ತಪ್ಪಾದಾಗ ಮಾತಾಡುವ ದನಿ, ಕೆಲಸಕ್ಕೆ ಹೆಸರು ಸಿಗುವುದು, ಶನಿವಾರದ ಡ್ಯೂಟಿ ಯಾರ ಪಾಲಿಗೆ ಬೀಳುತ್ತದೆ ಅನ್ನುವುದು, ಇವೆಲ್ಲ ಎಲ್ಲರಿಗೂ ಒಂದೇ ಇರಬೇಕು. ಎಷ್ಟು ವಿವರವಾಗಿ ಹೇಳುತ್ತೀರಿ, ಎಷ್ಟು ದಿನಕ್ಕೊಮ್ಮೆ ವಿಚಾರಿಸುತ್ತೀರಿ, ಯಾವ ತೀರ್ಮಾನ ಅವರಿಗೇ ಬಿಡುತ್ತೀರಿ ಅನ್ನುವುದು ಮಾತ್ರ ಬೇರೆ ಆಗಬಹುದು. ಎಷ್ಟೋ ಕಡೆ ಇದು ತಲೆಕೆಳಗಾಗಿರುತ್ತದೆ. ಎಲ್ಲರ ಕೆಲಸವನ್ನೂ ಒಂದೇ ಥರ ಕೆದಕಿ ನೋಡುತ್ತಾರೆ, ರಜೆ ಮಾತ್ರ ಮುಖ ನೋಡಿ ಕೊಡುತ್ತಾರೆ.

ಇಲ್ಲಿ ರಾಹುಲ್ ದ್ರಾವಿಡ್ ನೆನಪಾಗುತ್ತಾರೆ. ಅವರು 2015ರಿಂದ ಭಾರತದ 19 ವರ್ಷದೊಳಗಿನವರ ತಂಡಕ್ಕೂ ಎ ತಂಡಕ್ಕೂ ಕೋಚ್ ಆಗಿದ್ದರು. ಎ ತಂಡದ ಜೊತೆ ಪ್ರವಾಸ ಹೋದ ಪ್ರತಿ ಹುಡುಗನಿಗೂ ಆಡುವ ಅವಕಾಶ ಸಿಗಬೇಕು ಅನ್ನುವುದು ಅವರ ಪಟ್ಟು. ಕಲಿಯುವ ಹಂತದ ತಂಡಕ್ಕೆ ಅದು ಸರಿಯಾದ ರೀತಿ. 2021ರ ಕೊನೆಯಲ್ಲಿ ಸೀನಿಯರ್ ತಂಡಕ್ಕೆ ಬಂದ ಮೇಲೆ ಎಲ್ಲರನ್ನೂ ಆಡಿಸುತ್ತೇನೆ ಅಂತ ಕೂರಲು ಆಗುವುದಿಲ್ಲ, ಅಲ್ಲಿ ಗೆಲ್ಲಬೇಕು. ರೀತಿ ಬದಲಾಗಲೇಬೇಕು. ಬದಲಾಗದೇ ಇದ್ದದ್ದೂ ಒಂದಿದೆ. 2018ರಲ್ಲಿ ಕಿರಿಯರ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ದ್ರಾವಿಡ್‌ಗೆ 50 ಲಕ್ಷ, ಉಳಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಎಲ್ಲರಿಗೂ ಒಂದೇ ಇರಲಿ ಅಂತ ದ್ರಾವಿಡ್ ಕೇಳಿಕೊಂಡರು. ಕೊನೆಗೆ ಅವರನ್ನೂ ಸೇರಿಸಿ ತಲಾ 25 ಲಕ್ಷ ಆಯಿತು. ಅವರ ಪಾಲು ಅರ್ಧಕ್ಕೆ ಇಳಿಯಿತು. ಬಹುಮಾನದ ವಿಷಯದಲ್ಲಿ ಹೀಗೆ ನಡೆದುಕೊಳ್ಳುವವರು ಒಬ್ಬರ ಬ್ಯಾಟಿಂಗ್ ಜಾಸ್ತಿ ತಿದ್ದಿದರೂ ಪಕ್ಷಪಾತ ಅಂತ ಯಾರಿಗೂ ಅನಿಸುವುದಿಲ್ಲ.

ಬೆಂಗಳೂರಿನ ಆಫೀಸುಗಳಿಗೆ ಸೇರಿದ ಇನ್ನೊಂದು ಸಣ್ಣ ವಿಷಯ. ಟೀಮ್‌ನಲ್ಲಿ ಮೂವರು ಕನ್ನಡದವರು, ಲೀಡ್ ಕೂಡ ಕನ್ನಡದವರು, ಉಳಿದವರು ಬೇರೆ ಊರಿನವರು ಅಂತಿಟ್ಟುಕೊಳ್ಳಿ. ಟೀ ಕುಡಿಯುವಾಗ ಕನ್ನಡದಲ್ಲಿ ಹರಟಿದರೆ ಯಾವ ತಪ್ಪೂ ಇಲ್ಲ, ಹರಟಲೇಬೇಕು. ಆದರೆ ಆ ಹರಟೆಯಲ್ಲೇ ಮುಂದಿನ ವಾರದ ಕೆಲಸ ಹಂಚಿಕೆಯಾಗಿಬಿಟ್ಟರೆ ಉಳಿದವರು ಹೊರಗೆ ಉಳಿಯುತ್ತಾರೆ. ಹರಟೆ ಯಾವ ಭಾಷೆಯಲ್ಲಾದರೂ ಇರಲಿ, ತೀರ್ಮಾನ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಆಗಲಿ. ಕನ್ನಡದವರೊಬ್ಬರೇ ಇರುವ ಟೀಮ್‌ನಲ್ಲಿ ಉಳಿದವರೆಲ್ಲ ಹಿಂದಿಯಲ್ಲಿ ಮುಗಿಸಿಬಿಟ್ಟರೂ ಇದೇ ಮಾತು.

ರೀತಿ ಬದಲಿಸ್ತಿದ್ದೀನಿ ಅಂತ ಅವರಿಗೆ ಹೇಳಬೇಕಾ?

ಹೇಳಬೇಕು. ಹೇಳದೆ ಬದಲಿಸಿದರೆ ಜನ ತಾವೇ ಅರ್ಥ ಕಟ್ಟಿಕೊಳ್ಳುತ್ತಾರೆ. ದಿನಾ ವಿಚಾರಿಸುತ್ತಿದ್ದವರು ಸುಮ್ಮನಾದರೆ "ನನ್ನ ಮೇಲೆ ಸಿಟ್ಟಾ?" ಅನಿಸುತ್ತದೆ. ಸುಮ್ಮನಿದ್ದವರು ದಿನಾ ವಿಚಾರಿಸಲು ಶುರು ಮಾಡಿದರೆ "ನನ್ನ ಮೇಲೆ ನಂಬಿಕೆ ಹೋಯ್ತಾ?" ಅನಿಸುತ್ತದೆ.

ಉದ್ದ ಭಾಷಣ ಬೇಡ. "ಈ ಕ್ಲೈಂಟ್ ನಿಮಗೆ ಹೊಸಬರು, ಅದಕ್ಕೆ ಮೊದಲ ಎರಡು ಕಾಲ್‌ಗೆ ನಾನೂ ಇರ್ತೀನಿ. ಮೂರನೇದು ನೀವೇ ನಡೆಸಿ." ಇಷ್ಟು ಸಾಕು. ಯಾಕೆ ಮತ್ತು ಎಲ್ಲಿಯವರೆಗೆ, ಎರಡೂ ಇದರಲ್ಲಿ ಬಂತು. ಎಲ್ಲಿಯವರೆಗೆ ಅನ್ನುವುದನ್ನು ಮಾತ್ರ ಬಿಡಬೇಡಿ. ಕೊನೆ ಕಾಣದ ಉಸ್ತುವಾರಿ ಯಾರಿಗೂ ಇಷ್ಟವಾಗುವುದಿಲ್ಲ.

ನಿನ್ನೆವರೆಗೂ "ಮಗಾ" ಅಂತಿದ್ದವನು ಇವತ್ತು ನನ್ನ ಟೀಮ್‌ನಲ್ಲಿ. ಹೇಗೆ ಮಾತಾಡೋದು?

"ಮಗಾ" ಅಂತಲೇ ಮಾತಾಡಿ. ಒಂದೇ ರಾತ್ರಿಯಲ್ಲಿ "ನೀವು" ಅಂತ ಶುರು ಮಾಡಿದರೆ ಅವನಿಗೆ ಮುಜುಗರ, ನೋಡುವವರಿಗೆ ನಗು. ಬದಲಾಗಬೇಕಾದ್ದು ಬೇರೆ. ಮೊದಲು ಇಬ್ಬರೂ ಸೇರಿ ಮ್ಯಾನೇಜರನ್ನು ಆಡಿಕೊಳ್ಳುತ್ತಿದ್ದಿರಿ. ಈಗ ಆ ಕುರ್ಚಿ ನಿಮ್ಮದು. ಉಳಿದವರ ವಿಷಯ ಅವನ ಹತ್ತಿರ ಆಡುವುದನ್ನು ಅಂದೇ ನಿಲ್ಲಿಸಿ. ಇಬ್ಬರೇ ಕೂತು ಒಂದು ಸಲ ನೇರವಾಗಿ ಹೇಳಿಬಿಡಿ: "ನೋಡು, ಅಪ್ರೈಸಲ್ ಬರೆಯೋನು ನಾನೇ. ಗೆಳೆತನಕ್ಕೆ ಅಂತ ಜಾಸ್ತಿನೂ ಬರೆಯಲ್ಲ, ಕಮ್ಮಿನೂ ಬರೆಯಲ್ಲ." ಮೊದಲ ವಾರದಲ್ಲೇ ಹೇಳಿದರೆ ಸುಲಭ. ಆರು ತಿಂಗಳು ಬಿಟ್ಟು ಹೇಳುವುದು ಬಹಳ ಕಷ್ಟ.

ಅದೇ ಕೆಲಸಕ್ಕೆ ಅವನೂ ಆಸೆಪಟ್ಟಿದ್ದರೆ? ಆ ಬೇಸರ ಆರಲು ಸಮಯ ಬೇಕು. ಸಮಾಧಾನ ಹೇಳಲು ಹೋಗಬೇಡಿ. ಅವನು ಚೆನ್ನಾಗಿ ಮಾಡುವ ಒಂದು ಭಾಗವನ್ನು ಪೂರ್ತಿಯಾಗಿ ವಹಿಸಿ, ಅದರಲ್ಲಿ ಮೂಗು ತೂರಿಸದೆ ಇರಿ.

ಟೀಮ್‌ನಲ್ಲಿ ನನಗಿಂತ ವಯಸ್ಸಿನಲ್ಲಿ ದೊಡ್ಡವರಿದ್ದಾರೆ, ಕೆಲಸವೂ ನನಗಿಂತ ಚೆನ್ನಾಗಿ ಗೊತ್ತು.

ಒಳ್ಳೆಯದೇ ಆಯಿತು. ಗೂಗಲ್ ಕಂಪನಿ 2008ರ ಹೊತ್ತಿಗೆ ಪ್ರಾಜೆಕ್ಟ್ ಆಕ್ಸಿಜನ್ ಅಂತ ಒಂದು ಅಧ್ಯಯನ ಶುರು ಮಾಡಿತು. ಒಳ್ಳೆಯ ಮ್ಯಾನೇಜರ್‌ಗಳು ಏನು ಮಾಡುತ್ತಾರೆ ಅಂತ ಹುಡುಕಿ ಎಂಟು ಗುಣಗಳ ಪಟ್ಟಿ ಮಾಡಿದರು. ಒಳ್ಳೆಯ ಕೋಚ್ ಆಗಿರುವುದು ಮೊದಲನೆಯದು. ತಾಂತ್ರಿಕ ಜಾಣ್ಮೆಗೆ ಆ ಪಟ್ಟಿಯಲ್ಲಿ ಸಿಕ್ಕಿದ್ದು ಎಂಟನೇ ಜಾಗ. ಎಂಜಿನಿಯರ್‌ಗಳೇ ತುಂಬಿರುವ ಕಂಪನಿಯಲ್ಲಿ ಹೀಗೆ.

ನಮ್ಮಲ್ಲಿ ವಯಸ್ಸಿನ ಲೆಕ್ಕ ಸ್ವಲ್ಪ ಜೋರು. ಐವತ್ತು ದಾಟಿದ ಹಿರಿಯ ಫೋರ್‌ಮನ್‌ಗೆ ಮೂವತ್ತರ ಎಂಜಿನಿಯರ್ ಎಲ್ಲರೆದುರು "ಹೀಗೆ ಮಾಡಿ" ಅಂದರೆ ಅವರು ಮಾಡುತ್ತಾರೆ, ಆದರೆ ಹೇಳಿದಷ್ಟನ್ನೇ ಮಾಡುತ್ತಾರೆ. ಅಲ್ಲಿ ತೊಂದರೆ ಬರುತ್ತದೆ ಅಂತ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಅದೇ ಬೆಳಗ್ಗೆ ಶಿಫ್ಟ್ ಶುರುವಾಗುವ ಮೊದಲು ಅವರ ಹತ್ತಿರವೇ ಹೋಗಿ "ಸಾರ್, ಈ ಆರ್ಡರ್ ಶುಕ್ರವಾರ ಹೋಗ್ಬೇಕು. ಯಾವ ಮೆಷಿನ್ ಮೇಲೆ ಹಾಕಿದ್ರೆ ಒಳ್ಳೇದು?" ಅಂತ ಕೇಳಿ ನೋಡಿ. ಯಾವಾಗ ಬೇಕು ಅನ್ನುವುದು ನಿಮ್ಮದು. ಹೇಗೆ ಅನ್ನುವುದು ಅವರದು. ಶುಕ್ರವಾರದ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಮರ್ಯಾದೆ ಕೊಡುವುದು ಅಂದರೆ ಗಡುವು ಬಿಟ್ಟುಕೊಡುವುದು ಅಲ್ಲ.

ಫ್ರೀ ಬಿಟ್ಟೆ, ಕೆಲಸ ಹಾಳಾಯಿತು. ಇನ್ಮೇಲೆ ಎಲ್ಲಾ ನಾನೇ ನೋಡ್ಕೊಳ್ಳಬೇಕಾ?

ಬೇಡ. ಲೆವಿನ್ ಅವರ ಆ ಪ್ರಯೋಗದಲ್ಲಿ ಮೂರನೆಯ ರೀತಿ ಹುಟ್ಟಿದ್ದೇ ಒಂದು ಎಡವಟ್ಟಿನಿಂದ. ರಾಲ್ಫ್ ವೈಟ್ ಹುಡುಗರ ಜೊತೆ ಕೂಡಿ ತೀರ್ಮಾನಿಸುವ ರೀತಿಯಲ್ಲಿ ನಡೆಸಬೇಕಿತ್ತು. ಅವರು ಸ್ವಲ್ಪ ಹೆಚ್ಚೇ ದೂರ ನಿಂತುಬಿಟ್ಟರು. ಗುಂಪು ಚೆಲ್ಲಾಪಿಲ್ಲಿಯಾಯಿತು. ಲೆವಿನ್ ಅದನ್ನು ಗಮನಿಸಿ, ಇದು ಬೇರೆಯದೇ ರೀತಿ ಅಂತ ಪ್ರತ್ಯೇಕವಾಗಿ ಅಧ್ಯಯನ ಮಾಡಿದರು. ಎಲ್ಲಕ್ಕಿಂತ ಕಡಿಮೆ ಕೆಲಸ ಆಗಿದ್ದು ಅದರಲ್ಲೇ. ವಹಿಸಿಕೊಡುವುದಕ್ಕೂ ಕೈಬಿಡುವುದಕ್ಕೂ ಇರುವ ವ್ಯತ್ಯಾಸ ಸಂಶೋಧಕರಿಗೇ ಮೊದಲು ತಪ್ಪಿತ್ತು ಅಂದ ಮೇಲೆ ನಮಗೆ ತಪ್ಪುವುದು ದೊಡ್ಡದಲ್ಲ.

ವಹಿಸಿಕೊಡುವಾಗ ಮೂರು ಮಾತು ಆಡಿರಬೇಕು. ಕೆಲಸ ಮುಗಿದಾಗ ಹೇಗೆ ಕಾಣಬೇಕು? ಎಲ್ಲಿ ನನ್ನನ್ನು ಕೇಳದೆ ಮುಂದೆ ಹೋಗಬಾರದು? ಮಧ್ಯೆ ಯಾವ ದಿನ ಒಂದ್ಸಲ ನೋಡೋಣ? ಇವಿಲ್ಲದೆ "ನೀವೇ ನೋಡ್ಕೊಳ್ಳಿ" ಅಂದರೆ ಅದು ಕೈಬಿಟ್ಟ ಹಾಗೆ.

ಕೆಲಸ ಕೆಟ್ಟ ಮೇಲೆ ಎಲ್ಲವನ್ನೂ ವಾಪಸ್ ಕಿತ್ತುಕೊಳ್ಳಬೇಡಿ. ಎಲ್ಲಿ ತಪ್ಪಿತೋ ಆ ಒಂದು ಭಾಗದಲ್ಲಿ ಮಾತ್ರ ಒಂದು ಹೆಜ್ಜೆ ಹಿಂದೆ ಬನ್ನಿ. ಸೈಕಲ್ ಕಲಿಸುವಾಗ ಹುಡುಗ ಬಿದ್ದ ಅಂತ ಸೈಕಲನ್ನೇ ಅಟ್ಟಕ್ಕೆ ಹಾಕುವುದಿಲ್ಲ, ಇನ್ನೆರಡು ದಿನ ಸೀಟು ಹಿಡಿದುಕೊಳ್ಳುತ್ತೇವೆ.

ಎಮರ್ಜೆನ್ಸಿ ಬಂದಾಗ ಚರ್ಚೆ ಮಾಡ್ತಾ ಕೂರೋಕ್ಕಾಗಲ್ಲ. ಆಗ ಆರ್ಡರ್ ಹಾಕೋದೇ ಸರಿ ಅಲ್ವಾ?

ಅರ್ಧ ಸರಿ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಿದೆ, ಹತ್ತು ಜನ ಕಾಲ್‌ನಲ್ಲಿದ್ದಾರೆ. ಆಗ ಒಬ್ಬರು "ನೀವು ಇದು ನೋಡಿ, ನೀವು ಅದು ನೋಡಿ, ಗ್ರಾಹಕರಿಗೆ ನಾನು ತಿಳಿಸ್ತೀನಿ" ಅನ್ನಲೇಬೇಕು. ವೋಟಿಗೆ ಹಾಕುವ ಹೊತ್ತಲ್ಲ ಅದು. ಆದರೆ ಆಜ್ಞೆ ಮಾಡುವವರು ಕಿವಿ ಮುಚ್ಚಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ವಿಮಾನಗಳ ಇತಿಹಾಸದಲ್ಲಿ ಭಯಂಕರ ಉದಾಹರಣೆ ಇದೆ.

1977ರ ಮಾರ್ಚ್ 27, ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪ. ದಟ್ಟ ಮಂಜು. ಕೆಎಲ್ಎಂ ಕಂಪನಿಯ ಬೋಯಿಂಗ್ 747 ಟೇಕಾಫ್‌ಗೆ ಓಡಲು ಶುರು ಮಾಡಿತು. ಅದೇ ರನ್‌ವೇ ಮೇಲೆ ಪ್ಯಾನ್ ಆ್ಯಮ್ ಕಂಪನಿಯ ಇನ್ನೊಂದು 747 ಇನ್ನೂ ಇತ್ತು. ಕೆಎಲ್ಎಂ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು, ಆ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವಾ ಅಂತ ಕೇಳಿಯೂ ಕೇಳಿದರು. ಕ್ಯಾಪ್ಟನ್ ಆ ಕಂಪನಿಯಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯರು. ಬಿಟ್ಟಿದೆ ಅಂತ ಖಡಾಖಂಡಿತವಾಗಿ ಹೇಳಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. 583 ಜನ ಸತ್ತರು. ಮಂಜು, ರೇಡಿಯೋ ಗೊಂದಲ, ಹೊತ್ತಾಗುತ್ತಿದೆ ಅನ್ನುವ ಅವಸರ ಎಲ್ಲವೂ ಕಾರಣಗಳೇ. ಆದರೂ ಎರಡನೇ ಸಲ ಕೇಳಲಾಗದ ಆ ಮೌನ ವಿಮಾನಯಾನದವರನ್ನು ಬಹಳ ಕಾಡಿತು. ಇಂಥ ಅಪಘಾತಗಳಿಂದ ಪಾಠ ಕಲಿತೇ ಕಾಕ್‌ಪಿಟ್‌ನಲ್ಲಿ ಕಿರಿಯರು ಮಾತಾಡುವುದಕ್ಕೂ ಹಿರಿಯರು ಕೇಳಿಸಿಕೊಳ್ಳುವುದಕ್ಕೂ ತರಬೇತಿ ಕೊಡುವ ಪದ್ಧತಿ ಬಂತು.

ಆ ತರಬೇತಿಯ ಫಲ ಕಂಡಿದ್ದು 1989ರ ಜುಲೈ 19ರಂದು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 232ನೇ ವಿಮಾನದ ಬಾಲದ ಎಂಜಿನ್ ಆಕಾಶದಲ್ಲೇ ಒಡೆದು, ವಿಮಾನವನ್ನು ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆ ಪೂರ್ತಿ ಹೋಯಿತು. ಕ್ಯಾಪ್ಟನ್ ಆಲ್ ಹೇನ್ಸ್ ತಮ್ಮ ಇಬ್ಬರು ಸಹೋದ್ಯೋಗಿಗಳ ಜೊತೆ ಪ್ರಯಾಣಿಕರಾಗಿ ಬಂದಿದ್ದ ತರಬೇತಿ ಪೈಲಟ್ ಡೆನ್ನಿಸ್ ಫಿಚ್ ಅವರನ್ನೂ ಕಾಕ್‌ಪಿಟ್‌ಗೆ ಸೇರಿಸಿಕೊಂಡರು. ಎಂಜಿನ್‌ಗಳ ವೇಗ ನಿಯಂತ್ರಿಸುವ ಕೆಲಸವನ್ನು ಅವರ ಕೈಗೆ ಕೊಟ್ಟರು. ವಿಮಾನದಲ್ಲಿದ್ದ 296 ಜನರಲ್ಲಿ 184 ಮಂದಿ ಬದುಕಿದರು. ಕೊನೆಯ ಮಾತು ಕ್ಯಾಪ್ಟನ್‌ದೇ ಆಗಿತ್ತು, ಆದರೆ ಉಳಿದ ಮೂವರ ತಲೆಯೂ ಕೆಲಸ ಮಾಡುತ್ತಿತ್ತು.

ನಿಮ್ಮ ಆಫೀಸಿನಲ್ಲಿ ಯಾರ ಜೀವವೂ ಹೋಗುವುದಿಲ್ಲ. ಆದರೂ ಕಾಲ್‌ನಲ್ಲಿ ಆರ್ಡರ್ ಹಾಕಿದ ಮೇಲೆ "ನಾನು ಏನಾದ್ರೂ ಬಿಟ್ಟಿದ್ದೀನಾ?" ಅಂತ ಒಂದು ಸಲ ಕೇಳಿ ಎರಡು ಉಸಿರು ಕಾಯಿರಿ. ಎಮರ್ಜೆನ್ಸಿ ಮುಗಿದ ಮರುದಿನ ಹಳೆಯ ರೀತಿಗೆ ವಾಪಸ್ ಬನ್ನಿ. ಇದನ್ನು ಮರೆಯುವವರೇ ಜಾಸ್ತಿ. ಒಂದು ರಾತ್ರಿ ಆರ್ಡರ್ ಹಾಕಿದ ರುಚಿ ಹತ್ತಿ, ಮೂರು ತಿಂಗಳು ಎಲ್ಲವೂ ಎಮರ್ಜೆನ್ಸಿಯೇ ಆಗಿರುತ್ತದೆ.

ಮೀಟಿಂಗ್‌ನಲ್ಲಿ ಅಭಿಪ್ರಾಯ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ.

ನೀವು ಮೊದಲು ನಿಮ್ಮ ಅಭಿಪ್ರಾಯ ಹೇಳಿ ಆಮೇಲೆ ಕೇಳುತ್ತೀರಾ? ಹಾಗಾದರೆ ಅಲ್ಲೇ ಮುಗಿಯಿತು. ಸಾರ್ ಹೇಳಿದ ಮೇಲೆ ಇನ್ನೇನಿದೆ? ಎಲ್ಲರಿಗಿಂತ ಕಿರಿಯರಿಂದ ಶುರು ಮಾಡಿ, ನೀವು ಕೊನೆಗೆ ಮಾತಾಡಿ. "ಏನಾದ್ರೂ ಇದೆಯಾ?" ಅಂತ ಕೇಳಬೇಡಿ, "ಇಲ್ಲ" ಅನ್ನುವ ಉತ್ತರ ರೆಡಿ ಇರುತ್ತದೆ. "ಈ ಪ್ಲಾನ್‌ನಲ್ಲಿ ಮೊದಲು ಕೆಡೋದು ಯಾವುದು?" ಅಂತ ಕೇಳಿ. ಎಲ್ಲರೆದುರು ಮಾತಾಡಲು ಹಿಂಜರಿಯುವವರನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

"ಆಯ್ತು ಸಾರ್" ಅಂತಾರೆ, ಆದ್ರೆ ಮಾಡಲ್ಲ. ಇವರ ಜೊತೆ ಯಾವ ರೀತಿ?

"ಆಯ್ತು ಸಾರ್" ಅಂದರೆ ಒಪ್ಪಿದೆ ಅಂತ ಅರ್ಥ ಇರಬಹುದು, ಕೇಳಿಸಿತು ಅಂತ ಇರಬಹುದು, ಮೊದಲು ನೀವು ಇಲ್ಲಿಂದ ಹೊರಡಿ ಅಂತಲೂ ಇರಬಹುದು. ಮಾಡದೆ ಇರುವುದಕ್ಕೆ ಕಾರಣ ಹುಡುಕುವ ಮೊದಲು ರೀತಿ ಬದಲಿಸಬೇಡಿ. ಕೆಲಸ ಬರದೆ ಮಾಡದವರಿಗೆ ಕಲಿಸಬೇಕು. ಬಂದರೂ ಬೇಡ ಅನಿಸಿದವರ ಜೊತೆ ಕೂತು ಕಾರಣ ಕೇಳಬೇಕು. ಕೈತುಂಬ ಕೆಲಸ ಇರುವವರಿಗೆ ಯಾವುದನ್ನು ಕೆಳಗಿಡಬಹುದು ಅಂತ ನೀವೇ ಹೇಳಬೇಕು. ಮೂವರಿಗೂ ಬೈದರೆ ಮೂವರೂ ಇನ್ನೂ ಜೋರಾಗಿ "ಆಯ್ತು ಸಾರ್" ಅನ್ನುತ್ತಾರೆ.

ಹೊಸ ಟೀಮ್. ಮೊದಲ ತಿಂಗಳು ಚೆನ್ನಾಗಿತ್ತು, ಈಗ ಬರೀ ಕಿರಿಕಿರಿ. ನನ್ನ ರೀತಿ ತಪ್ಪಾಯ್ತಾ?

ಅಗತ್ಯವಾಗಿ ಅಲ್ಲ. ಬ್ರೂಸ್ ಟಕ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು 1965ರಲ್ಲೇ ಬರೆದಿದ್ದಾರೆ: ಗುಂಪು ಕೂಡುತ್ತದೆ, ಕಿತ್ತಾಡುತ್ತದೆ, ಒಂದು ಹದಕ್ಕೆ ಬರುತ್ತದೆ, ಆಮೇಲೆ ಕೆಲಸ ಮಾಡುತ್ತದೆ. ಎಲ್ಲ ಟೀಮೂ ಇದೇ ಸಾಲಿನಲ್ಲಿ ಹೋಗಬೇಕೆಂದಿಲ್ಲ. ಮೊದಲ ತಿಂಗಳು ಎಲ್ಲರೂ ನೆಂಟರ ಹಾಗೆ ಇರುತ್ತಾರೆ, ಆಮೇಲೆ ಮನೆಯವರಾಗುತ್ತಾರೆ. ಆ ಕಿತ್ತಾಟದ ಹೊತ್ತಿನಲ್ಲಿ ಯಾರ ಜವಾಬ್ದಾರಿ ಎಲ್ಲಿಗೆ ಮುಗಿಯುತ್ತದೆ ಅಂತ ಬರೆದು ಎಲ್ಲರ ಮುಂದೆ ಇಡಿ. ಮುಕ್ಕಾಲು ಪಾಲು ಜಗಳ ಗಡಿಯದೇ ಆಗಿರುತ್ತದೆ.

ನನ್ನ ಮೇಲಿನವರು ಗಂಟೆಗೊಂದು ಅಪ್‌ಡೇಟ್ ಕೇಳ್ತಾರೆ. ನಾನು ಟೀಮ್‌ಗೆ ಹೇಗೆ ಸ್ವಾತಂತ್ರ್ಯ ಕೊಡಲಿ?

ಮೇಲಿನಿಂದ ಬಂದ ಒತ್ತಡವನ್ನು ಹಾಗೇ ಕೆಳಗೆ ದಾಟಿಸಿದರೆ ನಡುವೆ ನೀವು ಇರುವುದು ಯಾಕೆ?

1979ರ ಆಗಸ್ಟ್ 10ರಂದು ಇಸ್ರೋದ ಎಸ್‌ಎಲ್‌ವಿ-3 ರಾಕೆಟ್‌ನ ಮೊದಲ ಉಡಾವಣೆ ವಿಫಲವಾಯಿತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಹೋಗಿ ಕೂತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಆಗ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ನಿರ್ದೇಶಕರಾಗಿದ್ದರು. ಸೋಲಿನ ಹೊಣೆ ತಾವು ಹೊತ್ತರು. 1980ರ ಜುಲೈ 18ರಂದು ಅದೇ ರಾಕೆಟ್ ಯಶಸ್ವಿಯಾದಾಗ ಪತ್ರಕರ್ತರ ಹತ್ತಿರ ಮಾತಾಡಲು ಕಲಾಂ ಅವರನ್ನೇ ಕಳಿಸಿದರು. ಕಲಾಂ ಇದನ್ನು ಕೊನೆಯವರೆಗೂ ಹೇಳಿಕೊಂಡು ಬಂದರು.

ನಿಮ್ಮ ಮಟ್ಟಕ್ಕೆ ಇಳಿಸಿದರೆ ಇದು ಸರಳ. ಅಪ್‌ಡೇಟ್‌ಗೆ ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿ, ಅವರು ಕೇಳುವ ಮೊದಲೇ ನೀವೇ ಕಳಿಸಿ. ಕೇಳುವ ಮೊದಲೇ ಸಿಕ್ಕರೆ ಗಂಟೆಗಂಟೆಗೆ ಕೇಳುವುದು ನಿಧಾನಕ್ಕೆ ಕಡಿಮೆಯಾಗುತ್ತದೆ. ಟೀಮ್‌ನವರನ್ನು ಮಧ್ಯೆ ಮಧ್ಯೆ ಪಿಂಗ್ ಮಾಡಬೇಡಿ, ಯಾವ ಕೆಲಸ ಎಲ್ಲಿಗೆ ಬಂತು ಅಂತ ತೋರಿಸುವ ಬೋರ್ಡ್ ನೋಡಿ ನೀವೇ ಬರೆಯಿರಿ.

ಮನೆಯಿಂದ ಕೆಲಸ ಮಾಡುವವರ ವಿಷಯದಲ್ಲಿ?

ಮುಖ ಕಾಣದಿದ್ದಾಗ ಎರಡು ಅತಿಗಳಿಗೆ ಹೋಗುತ್ತೇವೆ. ಒಂದೋ ಚಾಟ್‌ನಲ್ಲಿ ಅವರ ಹೆಸರಿನ ಪಕ್ಕ ಹಸಿರು ದೀಪ ಉರಿಯುತ್ತಿದೆಯಾ ಅಂತ ಕಾಯುತ್ತೇವೆ, ಇಲ್ಲ ಮರೆತೇಬಿಡುತ್ತೇವೆ. ಆಫೀಸಿನಲ್ಲಾದರೆ ಸಿಕ್ಕಿಬಿದ್ದವರ ಮುಖ ನೋಡಿಯೇ ಗೊತ್ತಾಗುತ್ತಿತ್ತು. ಇಲ್ಲಿ ಕೇಳಿಯೇ ತಿಳಿಯಬೇಕು. ಹೊಸಬರಿಗೆ ದಿನಾ ಹತ್ತು ನಿಮಿಷದ ಕಾಲ್, ಪಳಗಿದವರಿಗೆ ವಾರಕ್ಕೊಂದು ಸಾಕು.

ಯಾವ ಸ್ಟೈಲ್ ಅಂತ ತಿಳಿಯೋಕೆ ಆನ್‌ಲೈನ್ ಟೆಸ್ಟ್ ತಗೋಬಹುದಾ?

ತಗೊಳ್ಳಿ, ತಮಾಷೆಗೆ. ನಿಮ್ಮ ಬಗ್ಗೆ ನೀವೇ ಕೊಟ್ಟ ಉತ್ತರವನ್ನೇ ಅದು ಚಂದ ಮಾಡಿ ವಾಪಸ್ ಕೊಡುತ್ತದೆ. ಅದರ ಬದಲು ನಿಮ್ಮ ಟೀಮ್‌ನ ಇಬ್ಬರನ್ನು ಕೇಳಿ: "ನಾನು ಎಲ್ಲಿ ಜಾಸ್ತಿ ಮೂಗು ತೂರಿಸ್ತೀನಿ? ಎಲ್ಲಿ ಬೇಕಾದಾಗ ಸಿಗಲ್ಲ?" ಮೊದಲ ಸಲ ಕೇಳಿದಾಗ "ಹಾಗೇನಿಲ್ಲ" ಅನ್ನುತ್ತಾರೆ. ಮೂರನೇ ಸಲಕ್ಕೆ ನಿಜ ಬರುತ್ತದೆ, ಮೊದಲೆರಡು ಸಲ ನೀವು ವಾದಕ್ಕೆ ಇಳಿಯದಿದ್ದರೆ.

ಬದಲಾವಣೆ ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಒಂದು ವಾರ ರಜೆ ಹಾಕಿ ಫೋನ್ ನೋಡಬೇಡಿ. ಲೆವಿನ್ ಅವರ ಆ ಅಯೋವಾ ಪ್ರಯೋಗದಲ್ಲಿಯೂ ದೊಡ್ಡವರು ಕೋಣೆಯಿಂದ ಆಚೆ ಹೋದಾಗಲೇ ವ್ಯತ್ಯಾಸ ಎದ್ದು ಕಂಡಿದ್ದು. ಆಜ್ಞೆಯ ಮೇಲೆ ನಡೆಯುತ್ತಿದ್ದ ಗುಂಪಿನಲ್ಲಿ ಕೆಲಸ ಕುಸಿಯಿತು, ಕೂಡಿ ತೀರ್ಮಾನಿಸುತ್ತಿದ್ದ ಗುಂಪಿನಲ್ಲಿ ಬಹುತೇಕ ಹಾಗೇ ನಡೆಯಿತು. ವಾಪಸ್ ಬಂದಾಗ ನಿಮಗಾಗಿ ಕಾಯುತ್ತಿರುವ ತೀರ್ಮಾನಗಳನ್ನು ಎಣಿಸಿ. ಅದರಲ್ಲಿ ಅವರೇ ಮಾಡಬಹುದಿದ್ದವು ಎಷ್ಟು? ಅವನ್ನು ಇನ್ನು ಮೇಲೆ ಹೆಸರು ಹೇಳಿ ಅವರಿಗೇ ಕೊಟ್ಟುಬಿಡಿ.

ಕೆಟ್ಟ ಸುದ್ದಿ ಎಷ್ಟು ಬೇಗ ಬರುತ್ತದೆ ಅಂತಲೂ ಗಮನಿಸಿ. ಗಡುವಿನ ಹಿಂದಿನ ಸಂಜೆ "ಆಗಲ್ಲ ಅನ್ಸುತ್ತೆ" ಅಂತ ಬರುತ್ತಿದ್ದ ಮಾತು ಒಂದು ವಾರ ಮೊದಲೇ ಬರಲು ಶುರುವಾದರೆ ನೀವು ಸರಿ ದಾರಿಯಲ್ಲಿದ್ದೀರಿ.

ಇದೆಲ್ಲ ಮಾಡಿ ನೋಡಿದೆ. ನನಗೆ ಜನರನ್ನ ನಡೆಸೋದೇ ಇಷ್ಟ ಆಗ್ತಿಲ್ಲ.

ಅದೂ ಒಂದು ಉತ್ತರವೇ. ಕೆಲಸ ಬಲ್ಲವರಿಗೆಲ್ಲ ಟೀಮ್ ಕೊಡುವುದನ್ನೇ ಬಡ್ತಿ ಅಂದುಕೊಂಡಿರುವ ಕಂಪನಿಗಳು ಇನ್ನೂ ಇವೆ. ಆದರೆ ಹಲವು ಕಡೆ, ಅದರಲ್ಲೂ ಸಾಫ್ಟ್‌ವೇರ್‌ನಲ್ಲಿ, ಟೀಮ್ ಇಲ್ಲದೆಯೂ ಸಂಬಳ, ದರ್ಜೆ ಏರುವ ತಾಂತ್ರಿಕ ದಾರಿ ಬೇರೆಯೇ ಇರುತ್ತದೆ. ಆರೆಂಟು ತಿಂಗಳು ಮನಸ್ಸಿಟ್ಟು ನೋಡಿ. ಆಮೇಲೂ ಭಾನುವಾರ ಸಂಜೆ ಹೊಟ್ಟೆ ತೊಳಸಿದರೆ ಮ್ಯಾನೇಜರ್ ಹತ್ತಿರ ಈ ವಿಷಯ ತೆಗೆಯಿರಿ. ಅಪ್ರೈಸಲ್ ಮೀಟಿಂಗ್‌ವರೆಗೆ ಕಾಯಬೇಡಿ, ಅಷ್ಟು ಹೊತ್ತಿಗೆ ಮುಂದಿನ ವರ್ಷದ ಟೀಮ್ ಪಟ್ಟಿ ಆಗಿಹೋಗಿರುತ್ತದೆ.